ಅರ್ಧ ಕಡಿದರೆ ಉಳಿದರ್ಧ ದಪ್ಪಾಗುವುದು ಹೇಗೆ? ಸಾಗವಾನಿ ತೋಪಿನ ಲೆಕ್ಕ

ಮುಧೋಳ ತಾಲ್ಲೂಕಿನಲ್ಲಿ ನಮ್ಮ ಕಾಕಾನವರದು ಒಂದೂವರೆ ಎಕರೆ ಮಸಾರಿ ತುಂಡು ಇದೆ. ಕಬ್ಬಿಗೆ ನೀರು ಸಾಲದ ಜಾಗ ಅದು. ಒಂಬತ್ತು ವರ್ಷದ ಹಿಂದೆ ಹಗ್ಗ ಹಿಡಿದು ಅಳೆದು ಆರೂವರೆ ಅಡಿಗೊಂದರಂತೆ ಸುಮಾರು 1,500 ಸಾಗವಾನಿ ಸಸಿ ನೆಟ್ಟಿದ್ದರು. ಮೊದಲ ನಾಲ್ಕು ವರ್ಷ ಗಿಡ ಎದ್ದ ಭರ ಕಂಡು ಓಣಿಯವರೆಲ್ಲ ನೋಡಲು ಬರುತ್ತಿದ್ದರು. ಆಮೇಲೆ ಮರ ಮೇಲಕ್ಕೇನೋ ಹೋಗುತ್ತಿವೆ, ಬೊಡ್ಡೆ ಮಾತ್ರ ದಪ್ಪಾಗುತ್ತಿಲ್ಲ. ಗೊಬ್ಬರ ಹಾಕಿದರು, ನೀರು ಬಿಟ್ಟರು. ಕೊನೆಗೆ ತಿಳಿದವರೊಬ್ಬರು ಬಂದು ನೋಡಿ, ಅರ್ಧಕ್ಕರ್ಧ ಕಡಿಯಬೇಕು ಅಂದರು. ಆ ರಾತ್ರಿಯೇ ನನಗೆ ಫೋನು ಬಂತು. "ಮಕ್ಕಳಂಗ ಜ್ವಾಪಾನ ಮಾಡೀನಿ ತಮ್ಮಾ. ಅರ್ಧಾ ಕಡದ್ರ ಉಳದದ್ದು ದಪ್ಪ ಆಗ್ತಾವಂತ. ಖರೇನೋ, ಸುಳ್ಳೋ?"

ಈ ಪ್ರಶ್ನೆ ನಮ್ಮ ಕಾಕಾರೊಬ್ಬರದೇ ಅಲ್ಲ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಒಯ್ದು ನೆಟ್ಟ ರೈತರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇದ್ದಾರೆ. ಆ ಯೋಜನೆಯಲ್ಲಿ ಮೂರು ವರ್ಷ, ಬದುಕಿ ಉಳಿದ ಸಸಿ ಎಣಿಸಿ ದುಡ್ಡು ಕೊಡುತ್ತಾರೆ. ಹಾಗಾಗಿ ಒಂದೊಂದು ಗಿಡವೂ ದುಡ್ಡು ಎಂಬ ಭಾವನೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇನ್ನೊಂದು ಕಡೆ, ಖಾನಾಪುರದಿಂದ ಲೋಂಡಾ ಕಡೆ ಹೋಗುವವರು ಸಾಗವಾನಿ ನೆಡುತೋಪಿನಲ್ಲಿ ನಂಬರು ಹೊಡೆದ ಮರ, ಕಡಿದ ಬೊಡ್ಡೆ ಕಂಡು, ಅರಣ್ಯ ಇಲಾಖೆಯೇ ಕಾಡು ಕಡಿಸುತ್ತಿದೆಯಲ್ಲ ಎಂದು ಹೌಹಾರುತ್ತಾರೆ. ಇಬ್ಬರ ಅನುಮಾನಕ್ಕೂ ಉತ್ತರ ಒಂದೇ ಕಡೆ ಇದೆ.

ಥಿನ್ನಿಂಗ್ ಅಂದರೆ

ಒತ್ತಾಗಿ ಬೆಳೆದ ಒಂದೇ ವಯಸ್ಸಿನ ಮರಗಳ ನಡುವಿನಿಂದ ಕೆಲವನ್ನು ತೆಗೆದು, ಉಳಿದವಕ್ಕೆ ಜಾಗ ಮಾಡಿಕೊಡುವುದೇ ಥಿನ್ನಿಂಗ್. ಕನ್ನಡದಲ್ಲಿ ತೆಳುಗೊಳಿಸುವುದು ಎನ್ನಬಹುದು. ಇದು ಟೊಂಗೆ ಸವರುವ ಕೆಲಸವಲ್ಲ, ಇಡೀ ಮರವನ್ನೇ ಬುಡದಿಂದ ತೆಗೆಯುವುದು. ಹಾಗಂತ ತೋಪನ್ನೇ ಬೋಳಿಸುವ ಕೊನೆಯ ಕಟಾವೂ ಅಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಅವರು ಅಕ್ಟೋಬರಿನಲ್ಲಿ ಬಳ್ಳಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಟೊಂಗೆ ಸವರುತ್ತಾರೆ, ಅದು ಬೇರೆ. ಆಮೇಲೆ ಗೊಂಚಲಿನಲ್ಲಿ ಕಾಯಿ ಕಚ್ಚಿದ ಮೇಲೆ ಕತ್ತರಿ ಹಿಡಿದು ನಡುನಡುವಿನ ಕಾಯಿ ಉದುರಿಸುತ್ತಾರೆ, ಅದಕ್ಕೆ ಥಿನ್ನಿಂಗ್ ಎಂದೇ ಕರೆಯುತ್ತಾರೆ. ಹಾಗೆ ಕಾಯಿ ತೆಗೆಯದಿದ್ದರೆ ಗೊಂಚಲು ತುಂಬಿದ್ದರೂ ಒಂದೊಂದು ಕಾಯಿ ಬಟಾಣಿಯಷ್ಟೇ ಆಗುತ್ತದೆ. ಬಳ್ಳಿಯ ಎಲೆಗಳು ತಯಾರಿಸುವ ಸಕ್ಕರೆ ಇಷ್ಟೇ ಎಂದು ಗೊತ್ತಾದ ಮೇಲೆ, ಅದನ್ನು ಎಷ್ಟು ಕಾಯಿಗೆ ಹಂಚಬೇಕು ಎನ್ನುವುದಷ್ಟೇ ಉಳಿಯುವ ಲೆಕ್ಕ. ತೋಪಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಬಿಸಿಲಿನ ಪಾಲು

ಮರ ಮಣ್ಣು ತಿಂದು ದಪ್ಪಾಗುವುದಿಲ್ಲ. ಕಟ್ಟಿಗೆಯ ಬಹುಪಾಲು ಬರುವುದು ಗಾಳಿಯಿಂದ ಮತ್ತು ನೀರಿನಿಂದ. ಎಲೆಗಳು ಬಿಸಿಲಿನ ಶಕ್ತಿ ಹಿಡಿದು ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಸೇರಿಸಿ ಸಕ್ಕರೆ ಮಾಡುತ್ತವೆ. ಆ ಸಕ್ಕರೆಯೇ ಮುಂದೆ ನಾರಾಗಿ, ಕಟ್ಟಿಗೆಯಾಗಿ ಕೂಡುತ್ತದೆ. ಒಂದು ಎಕರೆ ಮೇಲೆ ಬೀಳುವ ಬಿಸಿಲು ಎಷ್ಟೋ ಅಷ್ಟೇ. ಅಲ್ಲಿ ಸಾವಿರ ಮರ ನಿಂತರೂ ಐದುನೂರು ನಿಂತರೂ ಅದು ಹೆಚ್ಚಾಗದು.

ಕಾಕಾರ ತೋಪಿನಂತೆ ಎರಡು ಮೀಟರಿಗೊಂದು ಸಸಿ ನೆಟ್ಟರೆ ಒಂದು ಮರದ ಪಾಲಿಗೆ ನಾಲ್ಕು ಚದರ ಮೀಟರ್ ಬರುತ್ತದೆ, ಅಂದರೆ ಎರಡು ಹೊರಸು ಜೋಡಿಸಿ ಹಾಕಿದಷ್ಟು ಜಾಗ. ಎರಡು ವರ್ಷದ ಸಸಿಗೆ ಅದು ಅರಮನೆ. ಐದನೇ ವರ್ಷಕ್ಕೆ ಒಂದರ ಟೊಂಗೆ ಇನ್ನೊಂದಕ್ಕೆ ತಾಗುತ್ತದೆ, ಮೇಲಿನಿಂದ ಬಿಸಿಲು ನೆಲಕ್ಕೆ ಬೀಳುವುದು ನಿಲ್ಲುತ್ತದೆ. ಅಲ್ಲಿಂದಾಚೆ ಕೆಳಗಿನ ಎಲೆಗಳು ನೆರಳಿಗೆ ಬೀಳುತ್ತವೆ. ನೆರಳಲ್ಲಿರುವ ಎಲೆ ದುಡಿಯುವುದಕ್ಕಿಂತ ಉಣ್ಣುವುದೇ ಹೆಚ್ಚಾದಾಗ ಆ ಟೊಂಗೆ ಒಣಗಿ ಉದುರುತ್ತದೆ. ವರ್ಷದಿಂದ ವರ್ಷಕ್ಕೆ ಹಸಿರು ಮೇಲಮೇಲಕ್ಕೆ ಸರಿದು, ಕೊನೆಗೆ ಉದ್ದನೆ ಗಳದ ತುದಿಗೆ ಒಂದು ಹಿಡಿ ಎಲೆ ಕಟ್ಟಿದಂತೆ ಮರ ನಿಲ್ಲುತ್ತದೆ. ಈ ಹಸಿರು ಭಾಗಕ್ಕೆ ನೆತ್ತಿ ಎನ್ನೋಣ. ನೆತ್ತಿ ಮರದ ಎತ್ತರದ ಮೂರನೇ ಒಂದು ಪಾಲಿಗಿಂತ ಕಡಿಮೆಯಾದರೆ ಮರ ಹಸಿದಿದೆ ಎಂದೇ ಲೆಕ್ಕ. ಸಾಗವಾನಿಯಂತೂ ಬಿಸಿಲು ಬೇಡುವ ಜಾತಿ, ನೆರಳಲ್ಲಿ ತಾಳಿಕೊಂಡು ಕೂರುವ ಗುಣ ಅದಕ್ಕಿಲ್ಲ.

ಪಕ್ಕದ ಮರ ತೆಗೆದರೆ ಆಕಾಶದಲ್ಲಿ ಕಿಂಡಿ ಬೀಳುತ್ತದೆ. ಉಳಿದ ಮರ ಆ ಕಿಂಡಿಯೊಳಗೆ ಟೊಂಗೆ ಚಾಚುತ್ತದೆ, ಹೊಸ ಎಲೆ ಹಾಕುತ್ತದೆ, ಕೆಳಗಿನ ಟೊಂಗೆಗಳು ಸಾಯುವುದು ನಿಲ್ಲುತ್ತದೆ. ಎಲೆ ಹೆಚ್ಚಿದಂತೆ ಸಕ್ಕರೆ ಹೆಚ್ಚುತ್ತದೆ. ಇದೆಲ್ಲ ಕಡಿದ ಮರುದಿನವೇ ಆಗುವುದಿಲ್ಲ. ನೆತ್ತಿ ಹಿಗ್ಗಲು ಒಂದೆರಡು ಮಳೆಗಾಲ ಬೇಕು. ಬೊಡ್ಡೆಯಲ್ಲಿ ಫರಕು ಕಾಣುವುದು ಆಮೇಲೆ.

ಎತ್ತರಕ್ಕೆ ಧಕ್ಕೆ ಇಲ್ಲ, ದಪ್ಪಕ್ಕೆ ಯಾಕೆ?

ಕಾಕಾರಿಗೆ ಅರ್ಥವಾಗದೇ ಇದ್ದದ್ದು ಇದು. ಮರ ಹಸಿದಿದ್ದರೆ ಎತ್ತರವೂ ನಿಲ್ಲಬೇಕಿತ್ತಲ್ಲ? ಅದು ಯಾಕೆ ಏರುತ್ತಲೇ ಇದೆ?

ನಮ್ಮ ಮನೆಗಳಲ್ಲಿ ಪೀಕು ಬಂದಾಗ ಏನು ಮಾಡುತ್ತೇವೆ? ಮೊದಲು ಉಣ್ಣಲು ಕಾಳು ಎತ್ತಿಡುತ್ತೇವೆ, ಆಮೇಲೆ ಬೀಜಕ್ಕೆ, ಆಮೇಲೆ ಸಾಲದ ಕಂತಿಗೆ. ಎಲ್ಲ ಮುಗಿದು ಏನಾದರೂ ಮಿಕ್ಕರೆ ಬಂಗಾರದ ಮಾತು. ಮರವೂ ಹಾಗೇ. ತಯಾರಾದ ಸಕ್ಕರೆಯಲ್ಲಿ ಮೊದಲ ಪಾಲು ಇರುವ ಜೀವಕೋಶಗಳ ಉಸಿರಾಟಕ್ಕೆ ಹೋಗುತ್ತದೆ. ಆಮೇಲೆ ಹೊಸ ಎಲೆ, ಎಳೆ ಬೇರು, ತುದಿ ಚಿಗುರು. ಬೊಡ್ಡೆ ದಪ್ಪಾಗುವುದು ಸಾಲಿನ ಕೊನೆಯಲ್ಲಿ ನಿಂತ ಖರ್ಚು. ಇಕ್ಕಟ್ಟಿನಲ್ಲಿ ಬೆಳೆದ ಮರಕ್ಕೆ ಎತ್ತರ ಬಿಟ್ಟರೆ ಬದುಕಿಲ್ಲ, ಪಕ್ಕದ್ದು ಮೇಲೆ ಹೋಗಿ ಬಿಸಿಲು ಕಸಿದರೆ ಮುಗಿಯಿತು. ಅದಕ್ಕೇ ಹೊಟ್ಟೆ ಕಟ್ಟಿ ಎತ್ತರಕ್ಕೆ ಸುರಿಯುತ್ತದೆ, ಬಂಗಾರ ಮುಂದಕ್ಕೆ ಹಾಕುತ್ತದೆ.

ಅರಣ್ಯಶಾಸ್ತ್ರದವರಿಗೆ ಇದು ಎಷ್ಟು ಗಟ್ಟಿ ಸಂಗತಿಯೆಂದರೆ, ಒಂದು ನೆಲ ಎಷ್ಟು ಫಲವತ್ತು ಎಂದು ಹೇಳಲು ಅವರು ಇಂತಿಷ್ಟು ವಯಸ್ಸಿಗೆ ತೋಪಿನ ದೊಡ್ಡ ಮರಗಳು ಎಷ್ಟು ಎತ್ತರ ಇವೆ ಎಂದು ನೋಡುತ್ತಾರೆ, ದಪ್ಪ ನೋಡುವುದಿಲ್ಲ. ಎತ್ತರ ಹೇಳುವುದು ಮಣ್ಣಿನ ಮಾತು. ದಪ್ಪ ಹೇಳುವುದು ಮನುಷ್ಯ ಎಷ್ಟು ಒತ್ತಾಗಿ ನೆಟ್ಟ, ಯಾವಾಗ ತೆಳುಗೊಳಿಸಿದ ಎಂಬ ಮಾತು.

ಸಾಗವಾನಿ ಬೊಡ್ಡೆ ಕೊಯ್ದು ನೋಡಿದರೆ ಇದು ಬರೆದಿಟ್ಟಂತೆ ಕಾಣುತ್ತದೆ. ಬೇಸಿಗೆಗೆ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುವ ಮರವಾದ್ದರಿಂದ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ನಡುವಿನ ನಾಲ್ಕೈದು ಉಂಗುರ ಅಗಲ, ಆಮೇಲಿನವು ಬರಬರುತ್ತ ದಾರದಷ್ಟು ಸಣ್ಣ. ಸರಿಯಾದ ಹೊತ್ತಿಗೆ ತೆಳುಗೊಳಿಸಿದ ತೋಪಿನ ಮರವಾದರೆ, ಸಣ್ಣಗಾಗುತ್ತಿದ್ದ ಉಂಗುರ ಮತ್ತೆ ಹಿಗ್ಗಿದ್ದು ಬರಿಗಣ್ಣಿಗೇ ಕಾಣುತ್ತದೆ.

ನೆಲದೊಳಗಿನ ಜಗಳ

ಖಾನಾಪುರದ ಮಲೆನಾಡು ಸೆರಗಿನಲ್ಲಿ ಮಳೆಗೆ ಕೊರತೆಯಿಲ್ಲ, ಅಲ್ಲಿ ಮರಗಳ ಜಗಳ ಮುಖ್ಯವಾಗಿ ಬಿಸಿಲಿಗೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ವಿಜಯಪುರ, ಬಾಗಲಕೋಟೆಯಲ್ಲಿ ಜಗಳ ನೆಲದೊಳಗೆ. ಒಂದೇ ಜಾತಿ, ಒಂದೇ ವಯಸ್ಸು. ಎಲ್ಲದರ ಬೇರೂ ಒಂದೇ ಆಳದಲ್ಲಿ ಒಂದೇ ಹಸಿಗೆ ಬಾಯಿ ಹಾಕುತ್ತವೆ. ಮಳೆ ನಿಂತ ಮೇಲೆ ಮಣ್ಣಿನಲ್ಲಿ ಉಳಿದ ಹಸಿ ಸಾವಿರ ಮರಕ್ಕೆ ದೀಪಾವಳಿಯವರೆಗೆ ಸಾಕಾದರೆ, ಅರ್ಧ ಮರಕ್ಕೆ ಇನ್ನೂ ಕೆಲ ವಾರ ದಾಟುತ್ತದೆ. ಅಷ್ಟು ದಿನ ಎಲೆ ಹಸಿರಾಗಿದ್ದು ದುಡಿಯುತ್ತದೆ. ಬರ ಬಿದ್ದ ವರ್ಷ ತೆಳು ತೋಪು ತಡೆದುಕೊಳ್ಳುವುದು ಇದೇ ಕಾರಣಕ್ಕೆ. ಇನ್ನೊಂದು ಲಾಭ, ನೆತ್ತಿಗಳು ಒಂದಕ್ಕೊಂದು ಕೂಡಿಕೊಂಡಿದ್ದಾಗ ಸಣ್ಣ ಮಳೆ ಎಲೆ ಮೇಲೇ ನಿಂತು ಆರಿಹೋಗುತ್ತದೆ. ಕಿಂಡಿ ಇದ್ದರೆ ನೆಲ ಮುಟ್ಟುತ್ತದೆ.

ಆದರೆ ಬಿಸಿಲು ನೆಲಕ್ಕೆ ಬಿದ್ದ ಕೂಡಲೆ ಹುಲ್ಲು, ಕಸ ಏಳುತ್ತವೆ. ಉಳಿಸಿದ ನೀರನ್ನು ಅವೇ ಕುಡಿದರೆ ಕಡಿದದ್ದು ವ್ಯರ್ಥ. ಕಡಿದ ಮರದ ಎಲೆ, ಸಣ್ಣ ಟೊಂಗೆಗಳನ್ನು ಸುಡದೆ ಅಲ್ಲೇ ಹರಡಿದರೆ ಕಸವೂ ಅಡಗುತ್ತದೆ, ಮರ ಮಣ್ಣಿನಿಂದ ಎತ್ತಿದ್ದ ಸಾರವೂ ಮಣ್ಣಿಗೇ ಮರಳುತ್ತದೆ. ಬರೀ ಗಳ ಹೊರಗೆ ಹೋದರೆ ಮಣ್ಣಿಗೆ ಹೆಚ್ಚು ನಷ್ಟವಿಲ್ಲ.

ಒಟ್ಟು ನಾಟಾ (ಮರಮುಟ್ಟು) ಹೆಚ್ಚುತ್ತದೆಯೆ?

ಇಲ್ಲ. ಈ ಒಂದು ಮಾತನ್ನು ಬಹಳ ಜನ ತಪ್ಪು ತಿಳಿದಿದ್ದಾರೆ, ಸಸಿ ಮಾರುವವರೂ ಸೇರಿ. ಥಿನ್ನಿಂಗ್ ಮಾಡಿದರೆ ಎಕರೆಗೆ ಬೆಳೆಯುವ ಒಟ್ಟು ಕಟ್ಟಿಗೆ ಹೆಚ್ಚುವುದಿಲ್ಲ. ಹದವಾಗಿ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅತಿಯಾಗಿ ಮಾಡಿದರೆ ಇಳಿಯುತ್ತದೆ. ಬದಲಾಗುವುದು ಅದರ ಹಂಚಿಕೆ.

ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ ಹಾಕೋಣ. ಒಂದು ತೋಪು ವರ್ಷಕ್ಕೆ ಹತ್ತು ಘನ ಮೀಟರ್ ಕಟ್ಟಿಗೆ ಕೂಡಿಸುತ್ತದೆ ಅನ್ನಿ. ಸಾವಿರ ಮರ ಇದ್ದರೆ ತಲಾ 0.01 ಘನ ಮೀಟರ್. ಐದುನೂರು ಉಳಿಸಿದರೆ ತಲಾ 0.02. ಒಟ್ಟು ಅದೇ ಹತ್ತು. ಹಾಗಾದರೆ ಇಷ್ಟೆಲ್ಲ ಯಾಕೆ? ಬಡಿಗೇರರ ಹತ್ತಿರ ಕೇಳಿ. ಹತ್ತು ಸಣ್ಣ ಗಳದಿಂದ ಒಂದು ಬಾಗಿಲ ಚೌಕಟ್ಟು ಬರುವುದಿಲ್ಲ, ಒಂದು ದಪ್ಪ ದಿಮ್ಮಿಯಿಂದ ಬರುತ್ತದೆ. ಎಳೆಯ, ಸಣ್ಣ ಮರದಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚು. ಹುಳ ತಿನ್ನುವುದು ಅದನ್ನು. ಬೆಲೆ ಇರುವುದು ಒಳಗಿನ ಹೊಂಬಣ್ಣದ ಚೇಗಿಗೆ, ಅದು ವಯಸ್ಸು ಮತ್ತು ದಪ್ಪದ ಜತೆ ಹೆಚ್ಚುತ್ತದೆ. ಜತೆಗೆ ಎತ್ತರ ಒಂದೇ ಇದ್ದರೂ ಸುತ್ತಳತೆ 60 ಸೆಂಟಿಮೀಟರಿನಿಂದ 90ಕ್ಕೆ ಹೋದರೆ ಮರದ ಗಾತ್ರ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಬೇಗ ದಪ್ಪಾದ ಸಾಗವಾನಿ ಟೊಳ್ಳು ಎಂಬ ಮಾತೂ ಓಡಾಡುತ್ತದೆ. ಸಾಗವಾನಿಯಂಥ ಉಂಗುರದ ಮರಗಳಲ್ಲಿ ಮಳೆಗಾಲದ ಶುರುವಿಗೆ ದೊಡ್ಡ ರಂಧ್ರದ ಪದರ ಕೂಡುತ್ತದೆ, ಆಮೇಲೆ ಗಟ್ಟಿ ಪದರ. ಉಂಗುರ ಅಗಲವಾದಾಗ ಹೆಚ್ಚಾಗುವುದು ಮುಖ್ಯವಾಗಿ ಈ ಗಟ್ಟಿ ಪದರವೇ. ಹಾಗಾಗಿ ಬೇಗ ಬೆಳೆದದ್ದೆಲ್ಲ ಮೆತ್ತಗೆ ಎನ್ನುವುದು ಇದಕ್ಕೆ ಹೊಂದದು. ಎಳೆಯ ಮರದ ಕಟ್ಟಿಗೆ ಬೇಗ ಕೆಡುತ್ತದೆ ಎನ್ನುವುದು ಮಾತ್ರ ಖರೆ, ಅಲ್ಲಿನ್ನೂ ಚೇಗು ಕಡಿಮೆ.

ಹಾಗಾದರೆ ಮೊದಲೇ ದೂರ ದೂರ ನೆಟ್ಟರಾಯಿತಲ್ಲ

ಕಾಕಾ ಇದನ್ನೂ ಕೇಳಿದರು, ಸ್ವಲ್ಪ ಸಿಟ್ಟಿನಿಂದಲೇ. ಕಡಿಯುವುದೇ ಇದ್ದರೆ ನೆಡಿಸಿದ್ದು ಯಾಕೆ?

ಎಳೆಯದರಲ್ಲಿ ಒತ್ತು ಬೇಕು. ದೂರ ನೆಟ್ಟ ಸಸಿ ನಾಲ್ಕೂ ಕಡೆ ಟೊಂಗೆ ಚೆಲ್ಲಿ ಗಿಡ್ಡಾಗಿ ಹರಡುತ್ತದೆ. ದಪ್ಪ ಟೊಂಗೆ ಇದ್ದ ಕಡೆಯೆಲ್ಲ ದಿಮ್ಮಿಯಲ್ಲಿ ಗಂಟು. ಒತ್ತಾಗಿದ್ದರೆ ನೆರಳಿಗೆ ಕೆಳಗಿನ ಟೊಂಗೆಗಳು ಸಣ್ಣದಿರುವಾಗಲೇ ಉದುರಿ ಬೊಡ್ಡೆ ನೆಟ್ಟಗೆ, ನುಣ್ಣಗೆ ಬರುತ್ತದೆ. ಕಸ ಬೇಗ ಅಡಗುತ್ತದೆ. ಮುಖ್ಯವಾದ ಮಾತೆಂದರೆ ಯಾವ ಸಸಿ ಚೆನ್ನಾಗಿ ಬರುತ್ತದೆಂದು ನೆಡುವಾಗ ಗೊತ್ತಾಗುವುದಿಲ್ಲ. ಹೆಚ್ಚಿಗೆ ನೆಟ್ಟರೆ ಆರಿಸಲು ಅವಕಾಶ ಇರುತ್ತದೆ. ಜೋಳ ಬಿತ್ತುವವರು ಒಂದಿಷ್ಟು ಹೆಚ್ಚಿಗೆ ಬಿತ್ತಿ, ಹುಟ್ಟಿದ ಮೇಲೆ ಸಾಲಿನಲ್ಲಿ ಹೆಚ್ಚಾದ ಸಸಿ ಕೀಳುತ್ತಾರಲ್ಲ, ಹಾಗೆ.

ಈ ಪದ್ಧತಿಗೆ ವಯಸ್ಸಾಗಿದೆ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಆಗಿದ್ದ ಕನೋಲಿ ನಿಲಂಬೂರಿನಲ್ಲಿ ಸಾಗವಾನಿ ನೆಡುತೋಪು ಮಾಡಿಸಿದ. ಅದರ ಒಂದು ತುಂಡು ಇವತ್ತಿಗೂ ನಿಂತಿದೆ. ಅಲ್ಲಿಂದ ಬೆಳೆದ ರೂಢಿಯಂತೆ ಸರ್ಕಾರಿ ನೆಡುತೋಪುಗಳಲ್ಲಿ ಹೆಕ್ಟೇರಿಗೆ 2,500 ಸಸಿಯಿಂದ ಶುರುಮಾಡಿ, ಹಲವು ಸಲ ತೆಳುಗೊಳಿಸಿ, 50-60 ವರ್ಷಕ್ಕೆ ಕೊನೆಯ ಕಟಾವಿಗೆ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಮರವೂ ಉಳಿದಿರುವುದಿಲ್ಲ.

ಮನುಷ್ಯ ಕಡಿಯದಿದ್ದರೂ ಮರ ಕಡಿಮೆಯಾಗದೆ ಇರುವುದಿಲ್ಲ. ಸೋತವು ತಾವಾಗಿಯೇ ಒಣಗುತ್ತವೆ. ಆದರೆ ಅದು ನಿಧಾನದ ಸಾವು, ಸಾಯುವ ಮರ ವರ್ಷಗಟ್ಟಲೆ ಗೆಲ್ಲುವ ಮರದ ಕಾಲು ಹಿಡಿದು ಎಳೆದಿರುತ್ತದೆ. ಅಷ್ಟರಲ್ಲಿ ಗೆದ್ದದ್ದರ ನೆತ್ತಿಯೂ ಸಣ್ಣಗಾಗಿರುತ್ತದೆ.

ಯಾವುದನ್ನು ತೆಗೆಯುವುದು?

ಮೊದಲ ಸಲದ್ದು ಸುಲಭ. ನಾಲ್ಕೈದು ವರ್ಷಕ್ಕೆ ಮರಗಳಲ್ಲಿ ಅಂಥ ಭೇದ ಕಾಣುವುದಿಲ್ಲ, ಹಾಗಾಗಿ ಓರೆ ಸಾಲು ಹಿಡಿದು ಒಂದು ಬಿಟ್ಟು ಒಂದು ಸಾಲು ತೆಗೆಯುತ್ತಾರೆ. ಚದುರಂಗದ ಮಣೆಯಲ್ಲಿ ಕರಿಮನೆ ಉಳಿಸಿ ಬಿಳಿಮನೆ ಖಾಲಿ ಮಾಡಿದಂತೆ. ಎರಡು ಮೀಟರಿನ ಅಂತರ 2.8 ಮೀಟರ್ ಆಗುತ್ತದೆ, ಹೆಕ್ಟೇರಿಗೆ ಮರ 2,500ರಿಂದ 1,250ಕ್ಕೆ ಇಳಿಯುತ್ತದೆ. ಕೆಲ ವರ್ಷ ಬಿಟ್ಟು ಇನ್ನೊಮ್ಮೆ ಹೀಗೇ ಮಾಡಿದರೆ ಅಂತರ ನಾಲ್ಕು ಮೀಟರ್, ಮರ 625.

ಆಮೇಲಿನದಕ್ಕೆ ಕಣ್ಣು ಬೇಕು. ಒಣಗಿದ್ದು, ರೋಗ ಹಿಡಿದದ್ದು, ಡೊಂಕು, ಎರಡು ಕವಲಾದದ್ದು ಮೊದಲು ಹೋಗುತ್ತವೆ. ಸೊರಗಿ ಕೆಳಗೆ ಉಳಿದವನ್ನು ತೆಗೆದರೆ ತೋಪು ನೋಡಲು ಸ್ವಚ್ಛವಾಗುತ್ತದೆ, ಆದರೆ ದೊಡ್ಡ ಮರಕ್ಕೆ ಅದರಿಂದ ದೊಡ್ಡ ಉಪಕಾರವಿಲ್ಲ. ಸೊರಗಿದ್ದು ಅದರ ಬಿಸಿಲನ್ನು ತಡೆದೇ ಇರಲಿಲ್ಲ. ನಿಜವಾದ ಎದುರಾಳಿ ಪಕ್ಕದಲ್ಲಿ ಅದರಷ್ಟೇ ಎತ್ತರಕ್ಕೆ ನಿಂತು ನೆತ್ತಿಗೆ ನೆತ್ತಿ ಹಚ್ಚಿರುವ ಮರ. ಅದೂ ಚೆನ್ನಾಗಿರುತ್ತದೆ, ಕೊಡಲಿ ಎತ್ತಲು ಕೈ ಬರುವುದಿಲ್ಲ. ಬೊಡ್ಡೆ ನೋಡಿ ಗುರುತು ಹಾಕಬಾರದು, ಕತ್ತೆತ್ತಿ ನೆತ್ತಿ ನೋಡಿ ಹಾಕಬೇಕು ಎನ್ನುವುದು ಅದಕ್ಕೇ. ಎಲೆ ಇರುವ ದಿನಗಳಲ್ಲೇ ಗುರುತು ಹಾಕಿದರೆ ಯಾವುದು ಯಾವುದಕ್ಕೆ ತಾಗಿದೆ ಎಂದು ತಿಳಿಯುತ್ತದೆ.

ರೈತರ ಹೊಲದಲ್ಲಿ ಆಗುವ ದೊಡ್ಡ ತಪ್ಪು ಇದರ ಉಲ್ಟಾ. ವ್ಯಾಪಾರಿ ಬಂದು ದಪ್ಪನೆಯವನ್ನು ಆರಿಸಿ ಒಯ್ಯುತ್ತಾನೆ, ಸಣ್ಣವು ಇನ್ನು ಬೆಳೆಯಲಿ ಎಂದು ಬಿಡುತ್ತಾರೆ. ಒಂದೇ ದಿನ ನೆಟ್ಟ ಗಿಡಗಳಲ್ಲಿ ಸಣ್ಣದೆಂದರೆ ಚಿಕ್ಕ ವಯಸ್ಸಿನದಲ್ಲ, ಸೋತದ್ದು. ನೆತ್ತಿಯೇ ಇಲ್ಲದ ಅದಕ್ಕೆ ಎಷ್ಟು ಬಿಸಿಲು ಕೊಟ್ಟರೂ ಹಿಡಿಯಲು ಎಲೆ ಎಲ್ಲಿದೆ?

ಬದುವಿನ ಮೇಲೆ ಒಂದೇ ಸಾಲು ನೆಟ್ಟವರಿಗೆ ಇಷ್ಟು ತಲೆಬಿಸಿ ಇಲ್ಲ. ಎರಡೂ ಬದಿ ಬಿಸಿಲಿರುತ್ತದೆ, ಸಾಲಿನೊಳಗಿನ ಅಂತರವಷ್ಟೇ ನೋಡಿಕೊಂಡರೆ ಆಯಿತು.

ತಡವಾದ ತೋಪು

ಅರ್ಧಕ್ಕರ್ಧ ಎನ್ನುವ ಸಲಹೆ ಐದನೇ ವರ್ಷಕ್ಕೆ ಸರಿ ಇತ್ತು. ಕಾಕಾರದು ಒಂಬತ್ತು. ಈಗ ಅವರ ಮರಗಳು ಒಂದಕ್ಕೊಂದು ಆಸರೆಯಾಗಿ ನಿಂತಿವೆ. 15 ಮೀಟರ್ ಎತ್ತರದ ಮರದ ದಪ್ಪ (ಸುತ್ತಳತೆಯಲ್ಲ, ಅಡ್ಡಳತೆ) 15 ಸೆಂಟಿಮೀಟರ್ ಮಾತ್ರ ಇದ್ದರೆ ಎತ್ತರ ದಪ್ಪದ ನೂರು ಪಟ್ಟಾಯಿತು. ಈ ಲೆಕ್ಕ 80 ದಾಟಿದರೆ ಗಾಳಿಗೆ ಅಪಾಯ ಶುರು. ಒಮ್ಮೆಲೇ ಬಯಲು ಮಾಡಿದರೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಬಾಗುತ್ತವೆ, ಇಲ್ಲವೆ ಮುರಿಯುತ್ತವೆ. ಸ್ವಲ್ಪ ಸ್ವಲ್ಪ ಗಾಳಿ ತಾಗಿದರೆ ಮರ ತೂಗಿ ತೂಗಿ ಬುಡ ಗಟ್ಟಿ ಮಾಡಿಕೊಳ್ಳುತ್ತದೆ, ಬೇರು ಬಿಗಿಯುತ್ತದೆ. ಅದಕ್ಕೆ ಒಂದೆರಡು ವರ್ಷ ಕೊಡಬೇಕು.

ಇನ್ನೊಂದು ತೊಂದರೆ, ನೆರಳಲ್ಲಿದ್ದ ಬೊಡ್ಡೆಗೆ ಥಟ್ಟನೆ ಬಿಸಿಲು ಬಿದ್ದರೆ ತೊಗಟೆಯೊಳಗೆ ಮಲಗಿದ್ದ ಮೊಗ್ಗುಗಳು ಎಚ್ಚರಗೊಂಡು ಬೊಡ್ಡೆ ತುಂಬ ಚಿಗುರು ಒಡೆಯುತ್ತವೆ. ಸಾಗವಾನಿಯಲ್ಲಿ ಇದು ಜಾಸ್ತಿ. ಹಾಗೇ ಬಿಟ್ಟರೆ ಅವೇ ಗಂಟು. ಹೀಗಾಗಿ ತಡವಾದ ತೋಪಿನಲ್ಲಿ ಈಗ ಮೂರನೇ ಒಂದು ಪಾಲು, ಎರಡು-ಮೂರು ವರ್ಷ ಬಿಟ್ಟು ಮತ್ತಷ್ಟು ಎಂದು ಹಂತ ಹಂತವಾಗಿ ಹೋಗುವುದು ಲೇಸು. ಕಡಿದ ಬುಡವೂ ಸುಮ್ಮನಿರುವುದಿಲ್ಲ, ಮಳೆ ಬಿದ್ದ ಕೂಡಲೆ ಚಿಗುರುತ್ತದೆ. ಅದನ್ನು ಸವರದಿದ್ದರೆ ಹೊರಗೆ ಹಾಕಿದವನೇ ಹಿತ್ತಲ ಬಾಗಿಲಿನಿಂದ ಬಂದು ಕೂತಂತೆ.

ಭೀಮಗಡಕ್ಕೆ ಈ ಲೆಕ್ಕ ಇಲ್ಲ

ಇಷ್ಟೂ ಹೇಳಿದ್ದು ಮನುಷ್ಯ ಒಂದೇ ಜಾತಿಯನ್ನು ಒಂದೇ ದಿನ ನೆಟ್ಟು, ನಾಟಾಕ್ಕೆಂದು ಬೆಳೆಸಿದ ತೋಪಿನ ಮಾತು. ಅದೇ ಖಾನಾಪುರ ತಾಲ್ಲೂಕಿನ ಭೀಮಗಡದಂಥ ಸಹಜ ಕಾಡಿನಲ್ಲಿ ನೂರಾರು ಜಾತಿ, ಎಲ್ಲ ವಯಸ್ಸಿನ ಮರ, ಮೇಲೆ ಕೆಳಗೆ ಹಲವು ಅಂತಸ್ತು. ಅಲ್ಲಿ ಟೊಳ್ಳಾದ ಮರ ಮಂಗಟ್ಟೆ ಹಕ್ಕಿಗೆ ಗೂಡು, ಬಿದ್ದ ಮರ ಹುಳಹುಪ್ಪಟೆಗೆ ಊಟ. ನಾಟಾದ ಲೆಕ್ಕದಲ್ಲಿ ಕೆಟ್ಟದ್ದು ಅಲ್ಲಿ ಕೆಟ್ಟದ್ದಲ್ಲ. ಹಾಗಾಗಿ ರಸ್ತೆ ಬದಿ ನಂಬರು ಹಾಕಿದ ಮರ ಕಂಡರೆ ಮೊದಲು ನೋಡಬೇಕಾದದ್ದು ಸುತ್ತಲಿನ ಮರಗಳನ್ನು: ಸಾಲು ಹಿಡಿದು ನಿಂತ ಒಂದೇ ಜಾತಿಯೋ, ಕಲಸುಮೇಲೋಗರದ ಕಾಡೋ?

ಕೊಡಲಿಗೆ ಮುಂಚೆ

ಸ್ವಂತ ಹೊಲದ್ದಾದರೂ ಸಾಗವಾನಿ ಕಡಿಯಲು ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ, ಸಾಗವಾನಿಗಿಲ್ಲ. ವಲಯ ಅರಣ್ಯ ಕಚೇರಿಗೆ ಪಹಣಿ ಇಟ್ಟು ಅರ್ಜಿ ಕೊಡಬೇಕು. ಗಳವನ್ನು ಗಾಡಿಯಲ್ಲಿ ಹೊರಗೆ ಸಾಗಿಸಲು ರಹದಾರಿ ಬೇರೆ.

ಕಾಕಾ ಅರ್ಜಿ ಕೊಟ್ಟಿದ್ದಾರೆ. ಅನುಮತಿ ಬರುವಷ್ಟರಲ್ಲಿ ಮಾಡಲು ಒಂದು ಕೆಲಸ ಹೇಳಿದ್ದೇನೆ. ಉಳಿಸಬೇಕೆಂದಿರುವ ಮರಗಳಲ್ಲಿ ಹತ್ತನ್ನು ಆರಿಸಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ, ಅಂದರೆ ಅರಣ್ಯದವರು ಅಳೆಯುವ 1.37 ಮೀಟರಿಗೆ, ಬಣ್ಣದ ಪಟ್ಟಿ ಬಳಿದು, ದರ್ಜಿ ಟೇಪಿನಿಂದ ಸುತ್ತಳತೆ ಹಿಡಿದು ವಹಿಯಲ್ಲಿ ಬರೆಯುವುದು. ಮುಂದಿನ ವರ್ಷ ಅದೇ ತಿಂಗಳು, ಅದೇ ಪಟ್ಟಿಯ ಮೇಲೆ ಮತ್ತೆ. ಮೊನ್ನೆ ಹೋದಾಗ ಹತ್ತಕ್ಕೆ ಹದಿನೆಂಟು ಮರಕ್ಕೆ ಪಟ್ಟಿ ಬಳಿದಿದ್ದರು. ಯಾಕೆ ಎಂದರೆ, "ಹತ್ತ ಅಂದಿ ಖರೆ, ಇವೆಂಟೂ ಛಲೋ ಅದಾವು ತಮ್ಮಾ" ಅಂದರು. ಕತ್ತೆತ್ತಿ ನೋಡಿದೆ. ಎಂಟರಲ್ಲಿ ಐದು, ಮೊದಲ ಹತ್ತರ ನೆತ್ತಿಗೇ ನೆತ್ತಿ ಹಚ್ಚಿಕೊಂಡು ನಿಂತಿದ್ದವು.